ಜಾಳಿಗಿ ಅಂದ್ರ ಚೀಲನೋ, ಬಲಿನೋ? (ಆಯಿ ಟ್ರಂಕಿನಾಗ ಸಿಕ್ಕಿದ್ದು)

ಹಾವೇರಿ ಮೊಮ್ಮಗ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಆಯಿ ಹೋಗಿ ವರ್ಷಾತು, ಮೊನ್ನೆ ಆಕಿ ಟ್ರಂಕ್ ತಗದ್ವಿ, ಸೀರಿ ಕೆಳಗ ಒಂದು ಸಣ್ಣ ಚೀಲ ಸಿಕ್ತು. ಬಟ್ಟಿದಲ್ಲ. ದಪ್ಪ ದಾರಕ್ಕ ಗಂಟು ಹಾಕ್ಕೋಂತ ಹಾಕ್ಕೋಂತ ಹೆಣದದ್ದು, ಥೇಟ್ ಮೀನಿನ ಬಲಿ ಇದ್ದಂಗ, ಆದ್ರ ಕಣ್ಣು ಎಷ್ಟು ಸಣ್ಣು ಅಂದ್ರ ನಾಲ್ಕಾಣೆ ಸೈತ ಹೊರಗ ಬೀಳಂಗಿಲ್ಲ. ಬಾಯಿಗೆ ಎರಡು ಲಾಡಿ. ಒಂದು ಕಡೆ ನಾಕೈದು ಕಣ್ಣು ಹರದಾವ. ಆಯಿ ಇದಕ್ಕ "ಜಾಳಿಗಿ" ಅಂತಿದ್ಲು, "ಜಾಳಿಗ್ಯಾಗ ರೊಕ್ಕ ಐತಿ ನೋಡು ತಮ್ಮಾ" ಅಂತಿದ್ಲು. ನಾ ಸಾಲಿ ಕಲಿಯಾಕತ್ತಿದ್ದೆ, "ಜಾಳಿಗಿ ಅಲ್ಲ ಆಯಿ, ಜೋಳಿಗೆ" ಅಂತ ತಿದ್ದೀನಿ, ಒಂದಲ್ಲ ಹತ್ತು ಸಲ. ಆಕಿ ಸುಮ್ನ ನಗತಿದ್ಲು. ಈಗ ಇದನ್ನ ಕೈಯಾಗ ಹಿಡಕೊಂಡು ನೋಡಿದ್ರ ಇದು ಜೋಳಿಗಿ ಹಂಗ ಇಲ್ಲೇ ಇಲ್ಲ. ಆಕಿ ಅಂದದ್ದ ಖರೇ ಶಬ್ದ ಏನು? ಗೊತ್ತಿದ್ದಾವ್ರು ಹೇಳ್ರಿ, ನನಗ ಇದು ಗೊತ್ತಾಗಬೇಕಾಗೇತಿ.

ಜಯನಗರದವನು:
ಜೋಳಿಗೆನೇ ಇರ್ಬೇಕು ಸಾರ್. ಹಳ್ಳಿ ಕಡೆ ಉಚ್ಚಾರ ಬದಲಾಗತ್ತಲ್ಲ.

ನಿಘಂಟು ಓದುವವಳು:
ಇಲ್ಲ, ನಿಮ್ಮ ಆಯಿ ಹೇಳಿದ್ದೇ ಸರಿ. ಜಾಳಿಗೆ ಅನ್ನೋದು ಬೇರೆಯದೇ ಪದ, ಜೋಳಿಗೆಯ ಕೆಟ್ಟ ಉಚ್ಚಾರ ಅಲ್ಲ. ಕಿಟೆಲ್ ನಿಘಂಟು (1894, ಮಂಗಳೂರು) ತೆಗೆದು ನೋಡಿ. ಸಂಸ್ಕೃತದ ಜಾಲಿಕಾದಿಂದ ಬಂದದ್ದು, ಜಾಲ ಅಂದ್ರೆ ಬಲೆ, ಹಾಗಾಗಿ ಜಾಳಿಗೆ ಅಂದ್ರೆ ಬಲೆಯ ಹಾಗೆ ಹೆಣೆದ ಹಣದ ಚೀಲ. ತಮಿಳಿನಲ್ಲೂ ಸಾಳಿಗೈ ಅಂದ್ರೆ ದುಡ್ಡಿನ ಚೀಲವೇ. ಅಂದ್ರೆ ನೀವು ತಲೆಬರಹದಲ್ಲಿ ಚೀಲನೋ ಬಲಿನೋ ಅಂತ ಕೇಳಿದ್ದೀರಲ್ಲ, ಎರಡೂ ಹೌದು, ಒಂದೇ ಪದದಲ್ಲಿ ಎರಡೂ ಕೂತಿವೆ. ಜಾಳುಜಾಳು ಬಟ್ಟೆ ಅಂತೀವಲ್ಲ, ಎಳೆ ಎಳೆ ಕಾಣೋ ಹಾಗೆ ಸಡಿಲ ನೇಯ್ದದ್ದು, ಅದನ್ನೂ ನಾನು ಇದರ ಪಕ್ಕದಲ್ಲೇ ಇಡ್ತೀನಿ.

ಜೋಳಿಗೆಯ ದಾರಿ ಬೇರೆ. ಅದು ಹೆಗಲಿಂದ ಜೋಲೋದು. ಮಗು ಮಲಗಿಸೋಕೆ ಸೀರೆ ಕಟ್ಟಿದ್ರೆ ಅದು ಜೋಲಿ, ಮರಾಠಿಯಲ್ಲಿ ಝೋಳಿ, ಹಿಂದಿಯಲ್ಲಿ ಝೋಲಿ, ಎಲ್ಲಾ ಒಂದೇ ಬಳಗ ಅಂತ ನನ್ನ ನಂಬಿಕೆ. ಜೋಳಿಗೆ ಅನ್ನೋ ಹೆಸರು ಅದು ತೂಗೋದನ್ನ ಹೇಳತ್ತೆ, ಜಾಳಿಗೆ ಅನ್ನೋದು ಅದನ್ನ ಹೆಣೆದದ್ದನ್ನ ಹೇಳತ್ತೆ. ನಿಮ್ಮ ಆಯಿಗೆ ಈ ವ್ಯತ್ಯಾಸ ಗೊತ್ತಿತ್ತು.

ಹಾವೇರಿ ಮೊಮ್ಮಗ:
ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ನ ಕುಂತೆ. ಭಾಳ ಥ್ಯಾಂಕ್ಸ್ ರಿ ಅಕ್ಕಾರ.

ಇಳಕಲ್ ಸೀಮೆ:
ಜೋಳಿಗಿ ವಿಷಯ ಬಂತಂತ ಹೇಳ್ತೀನಿ. ನಮ್ಮಲ್ಲಿ ಜೋಳಿಗಿ ಅಂದ್ರ ಬರೇ ಭಿಕ್ಷಾದ ಚೀಲ ಅಲ್ಲ. ಇಳಕಲ್ಲಿನ ಮಹಾಂತ ಅಪ್ಪಗಳು 1975ರಿಂದ ಹೆಗಲಿಗೆ ಜೋಳಿಗಿ ಹಾಕ್ಕೊಂಡು ಮನಿ ಮನಿಗೆ ಹೋಗಿ "ನಿಮ್ಮ ಚಟ ಇದರಾಗ ಹಾಕ್ರಿ" ಅಂತ ಬೇಡಿದ್ರು, ಸೆರೆ, ಬೀಡಿ, ಗುಟ್ಕಾ, ಜನ ಕಣ್ಣೀರು ಹಾಕಿ ಹಾಕ್ಯಾರ. ಅವರು 2018ರಾಗ ಲಿಂಗೈಕ್ಯರಾದ್ರು, ಅವರ ಹುಟ್ಟಿದ ದಿನ ಆಗಸ್ಟ್ 1ಕ್ಕ ಸರ್ಕಾರ ವ್ಯಸನಮುಕ್ತ ದಿನ ಮಾಡ್ತೇತಿ. ಕಾಳು ಹಾಕೋ ಚೀಲದಾಗ ಚಟ ಹಾಕಿಸಿಕೊಂಡ್ರು, ಶಬ್ದಕ್ಕ ಹೊಸಾ ಅರ್ಥ ಬಂತು. ನಿಘಂಟಿನಾಗ ಇದೂ ಸೇರಬೇಕು ಅನ್ನೋದು ನನ್ನ ಹಟ.

ಮಲ್ಪೆ ಕಡಲು:
ಹಾವೇರಿಯವರೇ, ಆ ಜಾಳಿಗೆಯ ಬಾಯಿಗೆ ಎರಡು ದಾರ ಉಂಟು ಅಂದ್ರಲ್ಲ, ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ಎಳೆದ್ರೆ ಬಾಯಿ ಮುಚ್ತದಾ? ನಮ್ಮ ಅಜ್ಜಿಯ ಎಲೆಅಡಿಕೆ ಸಂಚಿಯೂ ಹಾಗೆಯೇ ಇದ್ದದ್ದು. ನಾನು ಬೋಟಿನಲ್ಲಿ ಹೋಗುವವ, ನನಗೆ ಇದು ನೋಡಿದ ಕೂಡ್ಲೇ ಪರ್ಸೀನ್ ಬಲೆ ನೆನಪಾಯ್ತು. ಅದು ಹೇಗೆ ಕೆಲಸ ಮಾಡ್ತದೆ ಹೇಳಿ ಕೇಳಿದ್ರೆ, ಮೀನಿನ ಹಿಂಡು ಕಂಡ ಮೇಲೆ ಅದರ ಸುತ್ತ ಬಲೆಯನ್ನು ಗೋಡೆಯ ಹಾಗೆ ಇಳಿಸುವುದು, ಮೇಲಿನ ಅಂಚಿಗೆ ತೇಲುವ ಬೆಂಡು, ಕೆಳಗಿನ ಅಂಚಿಗೆ ಸೀಸದ ತೂಕ ಮತ್ತು ಉದ್ದಕ್ಕೂ ರಿಂಗುಗಳು, ಆ ರಿಂಗಿನೊಳಗೆ ಒಂದು ಹಗ್ಗ. ಸುತ್ತು ಪೂರ್ತಿ ಆದ ಮೇಲೆ ಹಗ್ಗ ಎಳೆದ್ರೆ ಬಲೆಯ ಅಡಿ ಮುಚ್ಚಿ ಹೋಗ್ತದೆ, ಬಲೆ ಇದ್ದದ್ದು ಚೀಲ ಆಗ್ತದೆ. ಪರ್ಸ್ ಅಂತ ಹೆಸರು ಬಂದದ್ದೇ ಅದಕ್ಕೆ, ದಾರ ಎಳೆದು ಮುಚ್ಚುವ ಚೀಲ. ಅಜ್ಜಿಯ ಸಂಚಿಯನ್ನು ತಲೆಕೆಳಗೆ ಮಾಡಿ ಸಮುದ್ರಕ್ಕೆ ಬಿಟ್ಟ ಹಾಗೆ, ಅಷ್ಟೇ.

ಇದು ನಮ್ಮ ಕಡೆಗೆ ಬಂದದ್ದು 1970ರ ದಶಕದ ಮಧ್ಯದಲ್ಲಿ. ಅದಕ್ಕೆ ಮೊದಲು ಇದ್ದದ್ದು ರಂಪಣಿ. ದೋಣಿಯಲ್ಲಿ ಹೋಗಿ ಅರ್ಧ ಸುತ್ತು ಬಲೆ ಬಿಟ್ಟು ಬಂದು ದಡದಿಂದ ಊರಿಗೆ ಊರೇ ಸೇರಿ ಎಳೆಯುವುದು, ಬಂಗುಡೆ ರಾಶಿ ರಾಶಿ. ಬಲೆಯ ತುಂಡು ಒಬ್ಬೊಬ್ಬರದ್ದು, ಸೇರಿಸಿದ್ರೆ ಒಂದು ರಂಪಣಿ, ಸಿಕ್ಕಿದ್ದರಲ್ಲಿ ಪಾಲು. ನನ್ನ ಅಪ್ಪ ಎಳೆದಿದ್ದಾರೆ, ನಾನು ನೋಡಿದ್ದು ಸಣ್ಣ ಕೈರಂಪಣಿ ಮಾತ್ರ. ಪರ್ಸೀನ್ ಬಂದ ಮೇಲೆ ರಂಪಣಿ ಮೂಲೆಗೆ ಬಿತ್ತು. ನಾನು ಅದೇ ಪರ್ಸೀನಿನಲ್ಲಿ ದುಡಿಯುವವ, ಆದ್ರೂ ಅಪ್ಪ "ರಂಪಣಿ" ಹೇಳುವಾಗ ಸ್ವರವೇ ಬೇರೆ.

ಶಿರಸಿ ಗುಡ್ಡೆಮನೆ:
ಚೀಲವೂ ಬಲೆಯೂ ಒಂದೇ ಅನ್ನೋದಕ್ಕೆ ನಮ್ಮಲ್ಲೊಂದು ಸಾಕ್ಷಿ ಇದ್ದು. ಕಲ್ಲಿ. (ಕಳ್ಳಿ ಗಿಡ ಅಲ್ಲ, ಲ.) ಹಗ್ಗದಲ್ಲಿ ದೊಡ್ಡ ದೊಡ್ಡ ಕಣ್ಣು ಬಿಟ್ಟು ಹೆಣೆದದ್ದು, ನೆಲಕ್ಕೆ ಹಾಸಿ ಒಣ ಎಲೆ ಇಲ್ಲಾ ಹುಲ್ಲು ತುಂಬಿ ಮೇಲೆ ಬಿಗಿದ್ರೆ ಹೊರೆ ಆಯ್ತು, ತಲೆ ಮೇಲೆ ಹೊತ್ಕಂಡು ಕೊಟ್ಟಿಗೆಗೆ. ಹಾಸಿದಾಗ ಬಲೆ, ಬಿಗಿದಾಗ ಚೀಲ. ಇನ್ನೊಂದು ಸಿಕ್ಕ, ಕೆಲವು ಕಡೆ ನೆಲುವು ಅಂತ್ವಲ್ಲ, ಅಡಿಗೆಮನೆ ಮಾಡಿಗೆ ಕಟ್ಟಿ ಮಜ್ಜಿಗೆ ಬೆಣ್ಣೆ ಗಡಿಗೆ ಇಡೋದು, ಬೆಕ್ಕಿಗೆ ಎಟುಕಬಾರದು ಹೇಳಿ. ಸಂಸ್ಕೃತದ ಶಿಕ್ಯ. ಕೃಷ್ಣ ಬೆಣ್ಣೆ ಕದ್ದದ್ದು ಅದರಿಂದಲೇ ಅಲ್ದಾ. ಅದೂ ಬಲೆಯೇ ನೋಡಿ, ಹಿಡಿಯೋ ಬಲೆ ಅಲ್ಲ, ಕಾಯೋ ಬಲೆ.

ಕೊಟ್ಟೆ ಅನ್ನೋ ಪದ ಯಾರಿಗಾದ್ರೂ ಗೊತ್ತಿದ್ದಾ?

ಮಲ್ಪೆ ಕಡಲು:
ಗೊತ್ತುಂಟು! ಹಲಸಿನ ಎಲೆಯ ಕೊಟ್ಟೆ, ಅದರಲ್ಲಿ ಕಡುಬು. ಅಷ್ಟಮಿಗೆ ಬೇಕೇ ಬೇಕು.

ಶಿರಸಿ ಗುಡ್ಡೆಮನೆ:
ಅದೇ. ಎಲೆ ನಾಲ್ಕು ಸೇರಿಸಿ ಕಡ್ಡಿ ಚುಚ್ಚಿ ಮಾಡೋ ಪುಟ್ಟ ಚೀಲ. ನಮ್ಮಲ್ಲಿ ಪ್ಲಾಸ್ಟಿಕ್ ಬಂದಾಗ ಜನ ಹೊಸ ಹೆಸರು ಹುಡುಕ್ಲಿಲ್ಲೆ, ಪ್ಲಾಸ್ಟಿಕ್ ಕೊಟ್ಟೆ ಅಂದ್ರು. ಹಾಲು ಪ್ಯಾಕೆಟ್ ಬಂತು, ಹಾಲಿನ ಕೊಟ್ಟೆ. ಸಾರಾಯಿ ಪ್ಯಾಕೆಟ್ ಬಂತು, ಕೊಟ್ಟೆ ಸಾರಾಯಿ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸ್ತು, 2016ರಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ ಮಾಡ್ತು, ಕೊಟ್ಟೆ ಅನ್ನೋ ಪದಕ್ಕೆ ಮಾತ್ರ ಏನೂ ಆಗ್ಲಿಲ್ಲೆ, ಈಗ್ಲೂ ಅಂಗಡಿಯಲ್ಲಿ "ಒಂದು ಕೊಟ್ಟೆ ಕೊಡಿ" ಅಂತೇ ಕೇಳ್ತ್ವು. ಎಲೆಯಿಂದ ಪ್ಲಾಸ್ಟಿಕ್ಕಿಗೆ ದಾಟಿದ ಪದ ನಾಳೆ ಇನ್ನೆಲ್ಲಿಗೆ ದಾಟ್ತ ನೋಡವು.

ಮಂಡ್ಯದ ಗೌಡ:
ನಮ್ ಕಡೆ ಎಲ್ಲಾ ಕವರ್ ಕಣ್ರಣ್ಣ. ಹೂವಿನ್ ಕವರ್, ತರ್ಕಾರಿ ಕವರ್, ಹಾಲಿನ್ ಕವರ್, ಕಾಗ್ದದ್ ಕವರ್. ನಮ್ಮವ್ವ ಪೊಟ್ಣ ಅನ್ನೋಳು, ಪೇಪರ್ನಾಗೆ ಕಟ್ಟಿ ದಾರ ಸುತ್ತಿದ್ದು ಪೊಟ್ಣ. ಈಗ ಅಂಗಡೀಲಿ ಪೊಟ್ಣ ಕಟ್ಟೋರೂ ಇಲ್ಲ, ಆ ಮಾತೂ ಇಲ್ಲ.

ಗಂಗಾವತಿ ಭತ್ತ:
ಚೀಲ ಅಂದ್ರ ನಮಗ ತೂಕ. ಯಾರೂ ಇಲ್ಲಿ ಎಕರೆಗೆ ಎಷ್ಟು ಕ್ವಿಂಟಾಲ್ ಅಂತ ಕೇಳಂಗಿಲ್ಲ, ಎಷ್ಟು ಚೀಲ ಬಂತು ಅಂತಾರ, ಆ ಚೀಲ ಅಂದ್ರ 75 ಕೆಜಿ ಭತ್ತ, ರೇಟೂ ಅದರ ಮ್ಯಾಲೆ. ಕೊಡಗಿನ ನಮ್ಮ ಬೀಗರು ಕಾಫಿ ಮೂಟೆ ಅಂದ್ರ ಅದು 50 ಕೆಜಿ. ಅಕ್ಕಿ ಚೀಲದ ಕಥಿ ಬ್ಯಾರೆ, 25 ಕೆಜಿ ಇತ್ತು, ಜುಲೈ 2022ರಾಗ 25 ಕೆಜಿ ತನಕದ ಪ್ಯಾಕಿಗೆ ಜಿಎಸ್‌ಟಿ ಬಂದ ಮ್ಯಾಲೆ ಅಂಗಡಿಯಾಗ 26 ಕೆಜಿ ಚೀಲ ಕಾಣಾಕ ಹತ್ತಿದ್ವು. ಅಂಗಡಿಯಾವರು "ಚೀಲ" ಅಂದ್ರ ಎಷ್ಟು ಕೆಜಿ ಅಂತ ಕೇಳಿ ಖಾತ್ರಿ ಮಾಡ್ಕೋಬೇಕು.

ಮಲ್ಪೆ ಕಡಲು:
ನಮ್ಮಲ್ಲಿ ಹಾಗೆ ಇದ್ದದ್ದು ಮುಡಿ. ಬೈಹುಲ್ಲಿನ ಹಗ್ಗ ಸುತ್ತಿ ಸುತ್ತಿ ಉರುಟು ಮಾಡಿ ಅಕ್ಕಿ ಕಟ್ಟುವುದು, ಒಂದು ಮುಡಿ ಅಂದ್ರೆ 42 ಸೇರು, 14 ಸೇರಿನ ಕಳಸೆ ಮೂರು. ಗೇಣಿ ಲೆಕ್ಕ ಎಲ್ಲ ಮುಡಿಯಲ್ಲೇ. ಉಡುಪಿಯ ಪರ್ಯಾಯಕ್ಕೆ ಮೊದಲು ಅಕ್ಕಿ ಮುಹೂರ್ತ ಮಾಡ್ತಾರಲ್ಲ, ಅದರಲ್ಲಿ ಈಗಲೂ ಅಕ್ಕಿ ಮುಡಿಯೇ. ಹೆಂಗಸರ ತಲೆಯ ತುರುಬಿಗೂ ಮುಡಿ, ಅಕ್ಕಿಯ ಕಟ್ಟಿಗೂ ಮುಡಿ. ಎರಡನ್ನೂ ಸುತ್ತಿ ಬಿಗಿಯುವುದೇ ಅಲ್ವಾ. ಕಟ್ಟಲು ಬರುವವರು ಈಗ ಊರಿಗೆ ಒಬ್ಬರೂ ಸಿಗುವುದಿಲ್ಲ ಮಾರಾಯ್ರೇ.

ನಿಘಂಟು ಓದುವವಳು:
ಗೋಣಿಯನ್ನ ಯಾರೂ ಮುಟ್ಟಲೇ ಇಲ್ಲ, ನಾನೇ ಶುರು ಮಾಡ್ತೀನಿ, ಯಾಕಂದ್ರೆ ಇಷ್ಟು ಅಗ್ಗದ ವಸ್ತುವಿಗೆ ಇಷ್ಟು ದೊಡ್ಡ ವಂಶ ಇರೋದು ಕಡಿಮೆ. ಪಾಣಿನಿಯ ಸೂತ್ರದಲ್ಲೇ ಗೋಣೀ ಇದೆ, ಕಾಳು ತುಂಬೋ ಚೀಲ ಅನ್ನೋ ಅರ್ಥಕ್ಕೆ. ಅಂದ್ರೆ ಎರಡು ಸಾವಿರ ವರ್ಷಕ್ಕೂ ಹಿಂದಿನದು. ಆದ್ರೆ ಪತಂಜಲಿ ಮಹಾಭಾಷ್ಯದಲ್ಲಿ ಅದೇ ಗೋಣೀ ಇನ್ನೊಂದು ಕಡೆ ಬರತ್ತೆ, ಅಲ್ಲಿ ಅದು ಹಸು! ಗೌಃ ಅನ್ನೋ ಒಂದು ಶುದ್ಧ ಪದಕ್ಕೆ ಜನ ಗಾವೀ, ಗೋಣೀ, ಗೋತಾ, ಗೋಪೋತಲಿಕಾ ಅಂತ ಎಷ್ಟೊಂದು ಅಪಭ್ರಂಶ ಮಾಡ್ಕೊಂಡಿದಾರೆ ನೋಡಿ ಅಂತ ಅವನು ಉದಾಹರಣೆ ಕೊಡ್ತಾನೆ. ಒಂದೇ ಸದ್ದು, ಒಂದು ಕಡೆ ಚೀಲ, ಒಂದು ಕಡೆ ಹಸು.

ನಮ್ಮಲ್ಲಿ ಗೋಣಿ ಅಂದ ಕೂಡ್ಲೇ ಎಲ್ಲರೂ ಸೆಣಬಿನ ಚೀಲ, ಅದೂ ಬಂಗಾಳದ ಜೂಟ್ ಅಂದ್ಕೊಳ್ತಾರೆ. ಕಲ್ಕತ್ತಾ ಹತ್ರ ರಿಶ್ರಾದಲ್ಲಿ ಮೊದಲ ಜೂಟ್ ಗಿರಣಿ ಶುರುವಾದದ್ದು 1855ರಲ್ಲಿ. ಅದಕ್ಕೆ ಎಷ್ಟೋ ಮೊದಲಿಂದ ಇಲ್ಲಿ ಗೋಣಿ ನೇಯೋದನ್ನೇ ಕಸುಬು ಮಾಡ್ಕೊಂಡ ಗೋಣಿಗರು ಇದ್ರು, ಅವರು ನೇಯ್ತಿದ್ದದ್ದು ನಮ್ಮ ಹೊಲದ ಜನುಪದ ನಾರಿನಲ್ಲಿ, ಹಳದಿ ಹೂ ಬಿಡತ್ತಲ್ಲ, ಈಗ ಹಸಿರು ಗೊಬ್ಬರಕ್ಕೆ ಹಾಕ್ತಾರಲ್ಲ, ಅದೇ. ಗೋಣಿ ಇಂಗ್ಲಿಷಿಗೆ ಹೋಗಿ ಗನ್ನಿ ಆಯ್ತು, ಈಗ ಎಪಿಎಂಸಿಯಲ್ಲಿ "ಗನ್ನಿ ಬ್ಯಾಗ್" ಅಂತ ಅದನ್ನೇ ವಾಪಸ್ ತಂದು ಬಿಲ್ ಬರೀತಾರೆ. ನನಗೆ ಅದು ನೋಡಿದಾಗೆಲ್ಲಾ ಬೇಜಾರಾಗತ್ತೆ, ಮನೆ ಮಗಳನ್ನ ಗುರುತೇ ಹಿಡಿಯದ ಹಾಗೆ.

ತೀರ್ಥಹಳ್ಳಿ ಮಳೆ:
ಗೋಣಿಕೊಪ್ಪೆ! ಗೋಣಿಚೀಲದ ಒಂದು ಮೂಲೆಯನ್ನ ಇನ್ನೊಂದು ಮೂಲೆ ಒಳಗೆ ತುರುಕಿ ತಲೆಗೆ ಹಾಕ್ಕೊಂಡು ಮಳೇಲಿ ಗದ್ದೆಗೆ ಹೋಗೋದು. ಇದ್ದೋರಿಗೆ ಕಂಬಳಿಕೊಪ್ಪೆ, ಇಲ್ಲದೋರಿಗೆ ಗೋಣಿಕೊಪ್ಪೆ. ಆ ನೆಂದ ಗೋಣಿ ವಾಸನೆ ಇವತ್ತಿಗೂ ನನ್ನ ಮೂಗಲ್ಲಿದೆ. ಇನ್ನೊಂದು ಹಸುಬೆ, ಎರಡು ಕಡೆ ಬಾಯಿರೋ ಉದ್ದ ಚೀಲ, ಎತ್ತಿನ ಬೆನ್ನ ಮೇಲೋ ಹೆಗಲ ಮೇಲೋ ಎರಡೂ ಕಡೆ ಇಳಿಬಿಡೋದು. ನಮ್ಮಜ್ಜ ಹೇಳ್ತಿದ್ರು, ನಾನು ಕಣ್ಣಲ್ಲಿ ಕಂಡಿಲ್ಲ.

ನಿಘಂಟು ಓದುವವಳು:
ಹಸುಬೆ ಹಳಗನ್ನಡದಲ್ಲಿ ಪಸುಂಬೆ, ತಮಿಳಿನಲ್ಲಿ ಪಸುಂಬೈ. ಹಳಗನ್ನಡದ ಪಾಲು ಈಗ ಹಾಲು ಆದ ಹಾಗೆ, ಪ ಹೋಗಿ ಹ ಬಂತು. ಎತ್ತಿನ ಮೇಲಿನ ಹೊರೆ ಪೇಱು, ಈಗಿನ ಹೇರು. ಹಳೇ ಶಾಸನಗಳಲ್ಲಿ ಸುಂಕ ಹಾಕೋದೇ ಹೇರಿನ ಲೆಕ್ಕದಲ್ಲಿ. ಈಗ ಹೇರೋದು ಅಂದ್ರೆ ತೆರಿಗೆ ಹೇರೋದು, ಭಾಷೆ ಹೇರೋದು, ಎತ್ತು ಮಾಯವಾಗಿದೆ.

ಗಣಿತದ ಮೇಷ್ಟ್ರು:
ನಾನು ಹೈಸ್ಕೂಲಲ್ಲಿ ಗಣಿತ ಹೇಳ್ಕೊಡೋನು, ಈ ಚರ್ಚೆಲಿ ನನಗೇನು ಕೆಲಸ ಅನ್ಬೇಡಿ, ಜೇಬಿನ ವಿಷಯ ನಾನು ಹೇಳ್ಲೇಬೇಕು. ಜೇಬು ಅರಬ್ಬಿ ಪದ, ಜೈಬ್, ಅಂದ್ರೆ ಅಂಗಿಯ ಎದೆ ಹತ್ರದ ಸೀಳು, ಮಡಿಕೆ. ಈಗ ಕೇಳಿ. ಆರ್ಯಭಟನ ಕಾಲದಿಂದ ನಮ್ಮವರು ಕೋನಕ್ಕೆ ಜ್ಯಾ ಲೆಕ್ಕ ಹಾಕ್ತಿದ್ರು, ಜ್ಯಾ ಅಂದ್ರೆ ಬಿಲ್ಲಿನ ಹೆದೆ, ಅದಕ್ಕೆ ಜೀವಾ ಅಂತನೂ ಅಂತಿದ್ರು. ಅರಬರು ಆ ಜೀವಾವನ್ನ ತಮ್ಮ ಲಿಪಿಲಿ ಸ್ವರ ಇಲ್ಲದೆ ಜ-ಯ-ಬ ಅಂತ ಬರ್ಕೊಂಡ್ರು, ಅದು ಓದೋಕೆ ಜೈಬ್ ಥರಾನೇ ಕಾಣತ್ತೆ. 12ನೇ ಶತಮಾನದಲ್ಲಿ ಲ್ಯಾಟಿನ್ನಿಗೆ ತಿರುಗಿಸಿದವರು ಅದನ್ನ ಜೈಬ್ ಅಂತಲೇ ತಗೊಂಡು, ಬಟ್ಟೆಯ ಮಡಿಕೆ ಅನ್ನೋ ಅರ್ಥದ ಲ್ಯಾಟಿನ್ ಪದ ಸೈನಸ್ ಅಂತ ಹಾಕಿದ್ರು. ಅದೇ ಇವತ್ತಿನ ಸೈನ್. ಹಾಗಾಗಿ ಹತ್ತನೇ ಕ್ಲಾಸಿನ ಮಕ್ಕಳು ಸೈನ್ ಥೀಟಾ ಅಂತ ಬರೆದಾಗೆಲ್ಲಾ ಜೇಬು ಥೀಟಾ ಅಂತಲೇ ಬರೀತಾರೆ. ವೃತ್ತದ ಪಾಠದಲ್ಲಿ ಮಾತ್ರ ಜ್ಯಾ ಇನ್ನೂ ಉಳ್ಕೊಂಡಿದೆ. ನಾನು ಪ್ರತಿ ವರ್ಷ ಇದನ್ನ ಹೇಳ್ತೀನಿ, ಆ ದಿನ ಒಬ್ಬರೂ ನಿದ್ದೆ ಮಾಡಲ್ಲ.

ಧಾರವಾಡದ ಸೊಸಿ:
ಮೇಷ್ಟ್ರ, ನೀವು ಬಟ್ಟಿ ಮಡಿಕಿ ಅಂದ್ರಲ್ಲ, ಅದನ್ನ ಓದಿ ನನಗ ಮೈ ಜುಂ ಅಂತು. ನಮ್ಮ ಉಡಿ ಅದೇ ಅಲ್ಲೇನ್ರಿ? ಸೀರಿ ಸೆರಗು ಸೊಂಟದ ಮುಂದ ಮಡಚಿ ಹಿಡಿದ್ರ ಉಡಿ, ಅದರಾಗ ಕಾಯಿ ಪಲ್ಲೆ ತರತೀವಿ, ಅದರಾಗ ಅಕ್ಕಿ ಕೊಬ್ಬರಿ ಖಣ ಹಾಕಿ ಉಡಿ ತುಂಬತಾರ. ನನ್ನ ತವರು ಮೈಸೂರು ಕಡೆ, ಅಲ್ಲಿ ಅದಕ್ಕೆ ಮಡಿಲು ತುಂಬೋದು ಅಂತಾರೆ, ಮಡಿಲು ಅಂದ್ರೂ ಮಡಿ, ಮಡಿಸು, ಅದೇ. ಅರಬ್ಬಿಯವರಿಗೆ ಎದಿ ಹತ್ರದ ಮಡಿಕಿ, ನಮಗ ಸೊಂಟದ ಹತ್ರದ ಮಡಿಕಿ, ಚೀಲ ಹೊಲಿಯೋದಕ್ಕಿಂತ ಮೊದಲು ಎಲ್ಲಾ ಕಡೆ ಮೈಮ್ಯಾಲಿನ ಬಟ್ಟೀನ ಚೀಲ. ಅದರಾಗ ಕೂಸೂ ಕೂಡತೇತಿ. ಬಾಣಂತಿಯರಿಗೆ ಸಾಮಾನು ಕೊಡತಿದ್ದ ಸರ್ಕಾರದ ಸ್ಕೀಮಿಗೆ ಮಡಿಲು ಅಂತ ಹೆಸರಿಟ್ಟಿದ್ರು, ಯಾರು ಇಟ್ರೋ ಭಾಳ ಛಲೋ ಇಟ್ರು.

ಇನ್ನ ಗಂಡಸರ ಅಂಗಿ ಜೇಬಿಗೆ ನಮ್ಮ ಮಾವ ಬಕ್ಕಣ ಅಂತಾರ, ನಮ್ಮ ಮನಿಯವರು ಕಿಸೆ ಅಂತಾರ, ನನ್ನ ಮಗ ಪಾಕೆಟ್ ಅಂತಾನ. ಒಂದ ಮನಿ, ಒಂದ ಅಂಗಿ.

ನಿಘಂಟು ಓದುವವಳು:
ಕಿಸೆ ಅರಬ್ಬಿ ಪಾರ್ಸಿಯ ಕೀಸ, ಅದರ ಅರ್ಥವೂ ಚೀಲವೇ. ಹಮ್ಮಿಣಿ, ಅಂದ್ರೆ ಹಣದ ಚೀಲ, ಪಾರ್ಸಿಯ ಹಮ್ಯಾನ್. ಸನ್ಮಾನದಲ್ಲಿ "ಹಮ್ಮಿಣಿ ಅರ್ಪಿಸಲಾಯಿತು" ಅಂತ ಪೇಪರಲ್ಲಿ ಬರತ್ತಲ್ಲ, ಅದು. ಸಂಚಿ ಅಂದ್ರೆ ನನಗೆ ಸಂಚಿ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡಿಯೋ ಕೆಲಸ, ಬರೆದದ್ದು ಹದಿಬದೆಯ ಧರ್ಮ. ಕೈಯಲ್ಲಿದ್ದ ಚೀಲವೇ ಹೆಸರಿನ ಮುಂದೆ ನಿಂತ ಕವಿ ಇನ್ನೊಬ್ಬರು ನಮ್ಮಲ್ಲಿ ಇದ್ದಾರಾ?

ಕೋಡ್ ಬರೆಯುವವ:
ನನ್ನದೊಂದು ತಕರಾರು ಇದೆ. ನಾವು ಅಂತರ್ಜಾಲ, ಜಾಲತಾಣ ಅಂತೀವಿ. ನಮ್ಮದೇ ಬಲೆ ಇರುವಾಗ ಸಂಸ್ಕೃತದ ಜಾಲ ಯಾಕೆ? ತಮಿಳರು ವಲೈತ್ತಳಂ ಅಂತ ಎಷ್ಟು ಚೆನ್ನಾಗಿ ಮಾಡ್ಕೊಂಡ್ರು. ವಾಯ್ ಬಾಯಿ, ವಾಳೈ ಬಾಳೆ, ವಿಲ್ ಬಿಲ್ಲು, ಹಾಗೇ ವಲೈ ಬಲೆ. ಬಲೆತಾಣ ಅನ್ನೋಕೆ ಏನಡ್ಡಿ?

ನಿಘಂಟು ಓದುವವಳು:
ಅಡ್ಡಿ ಇರೋದು ಬಲೆಯ ಇವತ್ತಿನ ನಡತೆಯಲ್ಲಿ. ಪೇಪರ್ ತೆಗೆದ್ರೆ "ಪೊಲೀಸರು ಬಲೆ ಬೀಸಿದ್ದಾರೆ", "ಲಂಚ ಪಡೆಯುವಾಗ ಲೋಕಾಯುಕ್ತ ಬಲೆಗೆ". ಕನ್ನಡದಲ್ಲಿ ಬಲೆ ಅಂದ್ರೆ ಯಾರೋ ಬೀಳೋದು. ಜಾಲಕ್ಕೂ ಆ ಕೆಟ್ಟ ಅರ್ಥ ಇದೆ, ವಂಚನೆಯ ಜಾಲ ಅಂತೀವಿ, ಆದ್ರೆ ಅದಕ್ಕೆ ಬೇರೆ ಕಿಟಕಿಗಳೂ ಇವೆ. ಕಿಟಕಿನೇ ಇದೆ, ಜಾಲಂಧ್ರ! ಬೇಲೂರು ದೇವಸ್ಥಾನದಲ್ಲಿ ಕಂಬಗಳ ನಡುವೆ ಬೆಳಕು ಸೋಸಿ ಬರೋ ಕಲ್ಲಿನ ಜಾಲಂಧ್ರಗಳು, ದೇವಸ್ಥಾನ 1117ರದ್ದು, ಅವನ್ನ ಕೂರಿಸಿದ್ದು ಆಮೇಲೆ ಎರಡನೇ ಬಲ್ಲಾಳನ ಕಾಲದಲ್ಲಿ. ಇಂದ್ರಜಾಲ ತಗೊಳ್ಳಿ. ಈಗ ಅದು ಮ್ಯಾಜಿಕ್, ಆದ್ರೆ ಅಥರ್ವವೇದದಲ್ಲಿ ಅದು ನಿಜವಾದ ಯುದ್ಧದ ಬಲೆ, ಅಂತರಿಕ್ಷವೇ ಬಲೆಯಾಗಿತ್ತು, ದಿಕ್ಕುಗಳೇ ಅದನ್ನ ನಿಲ್ಲಿಸೋ ಗೂಟಗಳಾಗಿದ್ವು ಅಂತ ಬರತ್ತೆ. ಇಷ್ಟು ಆಕಾಶ ಇರೋ ಪದವನ್ನ ಇಂಟರ್ನೆಟ್ಟಿಗೆ ಕೊಟ್ಟದ್ದು ತಪ್ಪಲ್ಲ ಅನ್ಸತ್ತೆ ನನಗೆ.

ಕೋಡ್ ಬರೆಯುವವ:
ಪೂರ್ತಿ ಒಪ್ಪಲ್ಲ. ಜೇಡರ ಬಲೆಯಲ್ಲಿ ಜೇಡ ಬೀಳಲ್ಲವಲ್ಲ, ಅದು ಅದರ ಮನೆ. ವೆಬ್ ಅಂದ್ರೆ ಅದೇ ತಾನೇ.

ಧಾರವಾಡದ ಸೊಸಿ:
ಜೇಡ ಅಂದ್ರ ನೇಕಾರ ಅಂತನೂ ಅರ್ಥ ಐತಿ. ಮುದನೂರಿನ ಜೇಡರ ದಾಸಿಮಯ್ಯ, ವಚನಕಾರ, ಮಗ್ಗದಾಗ ಕುಂತು ನೇಯ್ದಾವ್ರು. ನೇಯೋ ಹುಳಕ್ಕೂ ನೇಯೋ ಮನಷ್ಯಾಗೂ ಒಂದ ಹೆಸರು. ಹಂಗ ನೋಡಿದ್ರ ಬಲಿ ಕೆಟ್ಟ ಶಬ್ದ ಅಲ್ಲ ಬಿಡ್ರಿ.

ಮಲ್ಪೆ ಕಡಲು:
ನಮಗೆ ಬಲೆ ಕೆಟ್ಟದ್ದು ಆಗಲಿಕ್ಕೆ ಸಾಧ್ಯವೇ ಇಲ್ಲ, ಅದು ಅನ್ನ. ಇನ್ನೊಂದು ಹೇಳ್ತೇನೆ, ತುಳುವಿನಲ್ಲಿ ಬಲೆ ಅಂದ್ರೆ ಫಿಶಿಂಗ್ ನೆಟ್ಟೂ ಹೌದು, "ಬನ್ನಿ" ಅಂತಲೂ ಹೌದು. ಮನೆಗೆ ಯಾರು ಬಂದ್ರೂ "ಬಲೆ ಬಲೆ, ಕುಲ್ಲುಲೆ", ಬನ್ನಿ ಬನ್ನಿ, ಕೂತ್ಕೊಳ್ಳಿ. ಘಟ್ಟದ ಮೇಲಿನವರು ಮೊದಲ ಸಲ ಕೇಳಿದ್ರೆ ಸುತ್ತ ನೋಡ್ತಾರೆ, ಬಲೆ ಎಲ್ಲಿ ಅಂತ.

ಹಾವೇರಿ ಮೊಮ್ಮಗ:
ಇಷ್ಟು ಬರದೀರಿ ಎಲ್ಲಾರೂ, ಎಲ್ಲಾ ಅವ್ವಗ ಓದಿ ಹೇಳ್ದೆ. ಮಲ್ಪೆಯವ್ರು ಕೇಳಿದಂಗ ಲಾಡಿ ಎಳದು ನೋಡ್ದೆ, ಒಂದು ಆ ಕಡೆ ಒಂದು ಈ ಕಡೆ, ಬಾಯಿ ಗಪ್ ಅಂತ ಮುಚ್ಚಿತು. ಇಷ್ಟು ವರ್ಷಾದ್ರೂ. ಅವ್ವ ಉಡಿ ಮಾತು ಕೇಳಿ ನೆನಪು ಮಾಡ್ಕೊಂಡ್ಲು, ಆಯಿ ಗುರುವಾರ ಸಂತಿಗೆ ಹೋಗುವಾಗ ಜಾಳಿಗಿ ಉಡ್ಯಾಗ ಇಟ್ಟು ಮ್ಯಾಲೆ ಸೆರಗು ಸಿಗಿಸ್ತಿದ್ಲಂತ, ಬಸ್ಸಿನಾಗ ಒಂದು ಕೈ ಅಲ್ಲೇ. ಚೀಲದೊಳಗ ಚೀಲ. ಇನ್ನೊಂದು ಕೇಳ್ತೀನಿ, ಆ ಹರದ ಕಣ್ಣು ಸರಿ ಮಾಡಾಕ ಬರ್ತೇತೇನು? ಇಲ್ಲಿ ಟೇಲರ್ ಕಡೆ ಒಯ್ದಿದ್ದೆ, ಒಳಗ ಬಟ್ಟಿ ಹಚ್ಚಿ ಹೊಲದು ಕೊಡ್ತೀನಿ ಅಂದ, ನಾ ಬ್ಯಾಡಂದೆ. ಬಟ್ಟಿ ಹಚ್ಚಿದ್ರ ಜಾಳಿಗಿ ಹೆಂಗಾದೀತು.

ಮಲ್ಪೆ ಕಡಲು:
ಟೇಲರಿಗೆ ಕೊಡಬೇಡಿ. ಫೋಟೋ ಹತ್ತಿರದಿಂದ ತೆಗೆದು ಹಾಕಿ ನೋಡುವ.

ಹಾವೇರಿ ಮೊಮ್ಮಗ:
ಹಾಕೇನಿ ನೋಡ್ರಿ.

ಮಲ್ಪೆ ಕಡಲು:
ನೋಡಿದೆ. ಅಪ್ಪನಿಗೂ ತೋರಿಸಿದೆ. ಅದು ನಮ್ಮದೇ ಗಂಟು, ಬಲೆಗೆ ಹಾಕುವುದೇ, ದಾರ ಮಾತ್ರ ಸಣ್ಣ. ಅಪ್ಪನ ಹತ್ತಿರ ಮರದ ಬಲೆಸೂಜಿ ಉಂಟು, ಸಣ್ಣ ಕಣ್ಣಿನದ್ದು, ಅವರು ಹೇಳ್ತಾರೆ ಅರ್ಧ ಗಂಟೆಯ ಕೆಲಸ, ಆದ್ರೆ ಅದನ್ನು ಅಂಚೆಯಲ್ಲಿ ಕಳಿಸಬಾರದಂತೆ. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ಎಲ್ಲರೂ ದಡದಲ್ಲಿ ಕೂತು ಬಲೆ ಸರಿ ಮಾಡುವ ಸಮಯ. ಆಗ ಅಮ್ಮನನ್ನೂ ಕರ್ಕೊಂಡು ಬಲೆ.

ಹಾವೇರಿ ಮೊಮ್ಮಗ:
ಜೂನ್ ಎರಡನೇ ವಾರ ಬರ್ತೀವ್ರಿ.